ಬೆಣ್ಣೆಗೆ ಇಷ್ಟು ಕೂದಲು ಕೊಟ್ಟವರು ಯಾರು?

1/8

ಮೊದಲನೇ ಫೋಟೋ ನೋಡಿ ಹೆದರಬೇಡಿ. ಅದು ನಮ್ಮ ಬೆಣ್ಣೆಯೇ. ಬೇರೆ ನಾಯಿ ತಂದಿಲ್ಲ.

ಹೋದ ತಿಂಗಳು ಪೂರ್ತಿ ಸೆಮಿಸ್ಟರ್ ಪರೀಕ್ಷೆ ಅಂತ ನಾನು ರೂಮಲ್ಲೇ ಬಿದ್ದಿದ್ದೆ. ಒಂದು ಕಡೆ ಕಾಸ್ಟ್ ಅಕೌಂಟಿಂಗ್, ಇನ್ನೊಂದು ಕಡೆ ಇನ್‌ಕಮ್ ಟ್ಯಾಕ್ಸ್. ಬೆಣ್ಣೆ ಟೇಬಲ್ ಕೆಳಗೆ ನನ್ನ ಪಾದದ ಮೇಲೆ ತಲೆ ಇಟ್ಕೊಂಡು ಮಲಗ್ತಿದ್ಲು. ಮೇಲಿಂದ ನೋಡಿದ್ರೆ ಕೂದಲು ಉಬ್ಬಿಕೊಂಡು ಚೆನ್ನಾಗೇ ಕಾಣ್ತಿತ್ತು. ನಡುವೆ ಒಂದು ರೀಲ್ ಕೂಡ ಹಾಕಿದ್ದೆ, ನೆನಪಿದೆಯಲ್ಲ? "ಫ್ಲಫಿ ಪಾಪು" ಅಂತ ನೀವೆಲ್ಲ ಹಾರ್ಟ್ ಒತ್ತಿದ್ರಿ. ಆ ರೀಲ್ ತೆಗೆದ ದಿನವೇ ಅವಳ ಬಲಗಿವಿಯ ಹಿಂದೆ ಕೂದಲು ಜಡೆಗಟ್ಟಿ ಹಲಗೆ ಥರ ಆಗಿತ್ತು. ಮುಟ್ಟಿ ನೋಡೋ ಪುರುಸೊತ್ತು ನನಗಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಗ್ರೂಮಿಂಗ್‌ಗೆ ಕರ್ಕೊಂಡು ಹೋದೆ. ಅಲ್ಲಿದ್ದ ಅಣ್ಣ ಕೈಯಿಟ್ಟು ನೋಡಿದವರೇ, "ಇದು ಬಾಚೋಕೆ ಬರಲ್ಲಮ್ಮ, ಬಾಚಿದ್ರೆ ಅವಳಿಗೆ ಹಿಂಸೆ. ಪೂರ್ತಿ ತೆಗೀಬೇಕು" ಅಂದ್ರು. ತೆಗೆದ್ರು. ಒಳಗಿನ ಚರ್ಮ ಕೆಂಪಾಗಿ, ಒದ್ದೆಯಾಗಿ, ವಾಸನೆ ಬರ್ತಿತ್ತು. ಮನೆಗೆ ಬಂದ ಮೇಲೆ ಅವಳು ತಲೆ ಒದರಿದ್ದೇ ಒದರಿದ್ದು. ಮೂರನೇ ದಿನ ಕಿವಿಯಲ್ಲಿ ರಕ್ತ ತುಂಬಿ ಪೂರಿ ಹಾಗೆ ಊದಿಕೊಳ್ತು. ಗಟ್ಟಿ ಜಡೆ ತೆಗೆದ ಮೇಲೆ ನಾಯಿಗಳು ಹೀಗೆ ಜೋರಾಗಿ ತಲೆ ಒದರಿ, ಕಿವಿಯೊಳಗಿನ ಸಣ್ಣ ರಕ್ತನಾಳ ಒಡೆಯೋದು ಉಂಟು ಅಂತ ಡಾಕ್ಟರ್ ಹೇಳಿದ್ರು. ಗ್ರೂಮರ್ ಅಣ್ಣನ ತಪ್ಪಿಲ್ಲ ಇದರಲ್ಲಿ. ಆರು ವಾರ ಬಾಚಣಿಗೆ ಮುಟ್ಟದೇ ಇದ್ದದ್ದು ನಾನು.

ಅಜ್ಜಿ ಬೆಣ್ಣೆಯ ಬೋಳು ಕಿವಿ ಸವರುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಬೀದಿ ನಾಯಿಗೆ ಯಾರೂ ತಲೆ ಬಾಚಲ್ಲ. ಇದಕ್ಕೆ ಇಷ್ಟು ಕೂದಲು ದೇವರು ಕೊಟ್ಟಿದ್ದಾ, ಮನುಷ್ಯರು ಕೊಟ್ಟಿದ್ದಾ?"

ಈ ಸರಣಿ ಆ ಪ್ರಶ್ನೆಗೆ. ರಜೆಯಲ್ಲಿ ಓದಿದ್ದನ್ನೆಲ್ಲ ಹೇಳ್ತೀನಿ, ಕೊನೆಗೆ ಬಾಚೋದಕ್ಕೂ ಬರ್ತೀನಿ. ಸೇವ್ ಮಾಡ್ಕೊಳ್ಳಿ, ಉದ್ದ ಇದೆ.

2/8

ಸ್ಪ್ಯಾನಿಯಲ್ ಅಂದ್ರೆ "ಸ್ಪೇನಿನದು" ಅಂತ. ಹಳೇ ಫ್ರೆಂಚ್ ಮಾತಿನಿಂದ ಬಂದ ಹೆಸರು. 1387ರಲ್ಲಿ ಫ್ರಾನ್ಸಿನ ದಕ್ಷಿಣದ ದೊರೆ ಗಾಸ್ಟೋನ್ ಫೇಬ್ಯೂಸ್ ಬೇಟೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆಸೋಕೆ ಶುರು ಮಾಡ್ತಾನೆ. ಅದರಲ್ಲಿ ಹಕ್ಕಿ ಬೇಟೆಯ ಈ ನಾಯಿ ಬರುತ್ತೆ, ಸ್ಪೇನ್ ಕಡೆಯದು ಅನ್ನೋ ಮಾತೂ ಬರುತ್ತೆ. ನಿಜವಾಗಿ ಅಲ್ಲಿಂದಲೇ ಬಂತಾ ಅನ್ನೋದರ ಬಗ್ಗೆ ವಾದ ಇದೆ, ಅದು ನಮಗೆ ಬೇಡ. ಆಗ ಬಂದೂಕು ಹಿಡಿದು ಹಕ್ಕಿ ಹೊಡೆಯೋ ಕಾಲ ಇನ್ನೂ ಬಂದಿರಲಿಲ್ಲ. ನಾಯಿ ಪೊದೆಯೊಳಗೆ ನುಗ್ಗಿ ಹಕ್ಕಿ ಎಬ್ಬಿಸಬೇಕು, ಮೇಲೆ ಗಿಡುಗ ಹಿಡಿಯಬೇಕು. ಇಲ್ಲಾ ನಾಯಿ ನೆಲಕ್ಕೆ ಅಂಟಿಕೊಂಡು ಮಲಗಬೇಕು, ಬೇಟೆಗಾರ ಬಲೆ ಬೀಸಬೇಕು.

ಆಮೇಲೆ ಬಂದೂಕು ಬಂತು. ಇಂಗ್ಲೆಂಡಿನಲ್ಲಿ ಮುಳ್ಳುಪೊದೆಗಳಲ್ಲಿ ಅಡಗೋ ವುಡ್‌ಕಾಕ್ ಅನ್ನೋ ಹಕ್ಕಿಯನ್ನ ಎಬ್ಬಿಸೋ ಸಣ್ಣ ಸ್ಪ್ಯಾನಿಯಲ್‌ಗೆ "ಕಾಕರ್" ಅನ್ನೋ ಹೆಸರು ನಿಂತಿತು. (ಆ ಹಕ್ಕಿ ಚಳಿಗಾಲದಲ್ಲಿ ನೀಲಗಿರಿ, ಪಶ್ಚಿಮ ಘಟ್ಟದ ಕಾಡುಗಳಿಗೂ ವಲಸೆ ಬರುತ್ತೆ. ಬೆಣ್ಣೆಗೆ ಹೇಳಿದೆ, ಅವಳಿಗೇನೂ ಅನ್ನಿಸಲಿಲ್ಲ.)

ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ಹಳೇ ಚಿತ್ರ. ಕಿವಿ, ಎದೆ, ಕಾಲುಗಳ ಹಿಂದೆ ಕುಚ್ಚು ಇದೆ, ಆದ್ರೆ ಕಾಲು ಕಾಣುತ್ತೆ, ಹೊಟ್ಟೆ ಕಾಣುತ್ತೆ. ಬೆನ್ನ ಮೇಲಿನ ಕೂದಲು ಮೈಗೆ ಒರಗಿಕೊಂಡಿದೆ. ಮುಳ್ಳು ಚರ್ಮಕ್ಕೆ ತಾಗಬಾರದು, ಮಳೆ ನೀರು ಇಳಿದು ಹೋಗಬೇಕು, ಒಳಗಿನ ಸಣ್ಣ ತುಪ್ಪಳ ಮೈ ಬೆಚ್ಚಗಿಡಬೇಕು. ಈ ಕೂದಲಿಗೆ ಇದ್ದ ಕೆಲಸ ಅಷ್ಟೇ.

ಕತ್ತರಿಸೋದು ಆಗಲೂ ಇತ್ತು. 1621ರಲ್ಲಿ ಗರ್ವೇಸ್ ಮಾರ್ಕಮ್ ಅನ್ನೋ ಇಂಗ್ಲಿಷ್ ಲೇಖಕ ನೀರಿಗಿಳಿಯೋ ಬೇಟೆ ನಾಯಿಯ ಹಿಂಭಾಗ ಬೋಳಿಸಬೇಕಾ ಬೇಡವಾ ಅಂತ ಚರ್ಚೆ ಮಾಡಿದ್ದಾನೆ. ಈಜೋಕೆ ಹಗುರ ಆಗುತ್ತೆ ನಿಜ, ಚಳಿಯಲ್ಲಿ ಏನು ಗತಿ? 400 ವರ್ಷದ ಹಿಂದಿನ ಗ್ರೂಮಿಂಗ್ ಚರ್ಚೆ ಇದು. ಅಲ್ಲಿ ನಾಯಿ ಚಂದ ಕಾಣುತ್ತಾ ಅನ್ನೋ ಪ್ರಶ್ನೆಗಿಂತ ನಾಯಿ ಕೆಲಸ ಮಾಡುತ್ತಾ ಅನ್ನೋದೇ ದೊಡ್ಡದು.

3/8

ಪೊದೆಯಿಂದ ಸೋಫಾಗೆ ಬಂದ ಕಾಕರ್‌ಗಳಲ್ಲಿ ನನಗೆ ತುಂಬಾ ಇಷ್ಟ ಆದದ್ದು ಫ್ಲಷ್.

ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಕಾಯಿಲೆಯಿಂದ ರೂಮು ಬಿಟ್ಟು ಹೊರಗೆ ಬರ್ತಿರಲಿಲ್ಲ. 1841ರಲ್ಲಿ ಲೇಖಕಿ ಗೆಳತಿ ಮೇರಿ ರಸೆಲ್ ಮಿಟ್‌ಫರ್ಡ್ ಆಕೆಗೆ ಒಂದು ಕಾಕರ್ ಮರಿ ಕೊಟ್ರು. ಅದೇ ಫ್ಲಷ್. ಹಕ್ಕಿಯ ಹಿಂದೆ ಓಡಬೇಕಾದ ನಾಯಿ ಲಂಡನ್ನಿನ ಕತ್ತಲೆ ರೂಮಲ್ಲಿ ಮಂಚದ ಮೇಲೆ ಬೆಳೀತು. ಮೂರು ಸಲ ಕಳ್ಳರು ಕದ್ದೊಯ್ದು ದುಡ್ಡು ಕೇಳಿದ್ರು, ಆಕೆ ಕೊಟ್ಟು ಬಿಡಿಸಿಕೊಂಡ್ರು. ಮೂರನೇ ಫೋಟೋದಲ್ಲಿ ಆಕೆಯ ಚಿತ್ರ ಇದೆ. ಕೆನ್ನೆಯ ಎರಡೂ ಕಡೆ ಇಳಿದಿರೋ ಗುಂಗುರು ಕೂದಲು ನೋಡಿ, ಥೇಟ್ ಸ್ಪ್ಯಾನಿಯಲ್ ಕಿವಿ!

1846ರಲ್ಲಿ ಆಕೆ ಕವಿ ರಾಬರ್ಟ್ ಬ್ರೌನಿಂಗ್‌ನ ಗುಟ್ಟಾಗಿ ಮದುವೆಯಾಗಿ ಇಟಲಿಗೆ ಓಡಿ ಹೋದ್ರು. ಫ್ಲಷ್‌ನನ್ನೂ ಕರ್ಕೊಂಡೇ. (ಓಡಿ ಹೋಗುವಾಗ ನಾಯಿ ಬಿಡದೇ ಇರೋದು, ಅದಪ್ಪಾ ಪ್ರೀತಿ.) ಆದ್ರೆ ಫ್ಲಾರೆನ್ಸ್ ಬಿಸಿಲೂರು. ಚಿಗಟ ಮುತ್ತಿಕೊಂಡವು. ಅಷ್ಟು ಕೂದಲೊಳಗೆ ಚಿಗಟ ಹುಡುಕೋದು ಯಾರು? ಕೊನೆಗೆ ಕೂದಲು ತೆಗೆಸಲೇಬೇಕಾಯ್ತು. ವರ್ಜೀನಿಯಾ ವುಲ್ಫ್ 1933ರಲ್ಲಿ ಬರೆದ 'ಫ್ಲಷ್' ಪುಸ್ತಕದಲ್ಲಿ ಈ ಪ್ರಸಂಗ ಬರುತ್ತೆ: ತನ್ನ ಗತ್ತೆಲ್ಲ ಆ ಕೂದಲಲ್ಲೇ ಇದೆ ಅಂದ್ಕೊಂಡಿದ್ದ ನಾಯಿ, ಅದು ಹೋದಾಗ ಮೊದಲು ನಾಚಿಕೆಪಟ್ಟು, ಆಮೇಲೆ ಹಗುರಾಗಿ ಓಡಾಡೋಕೆ ಶುರು ಮಾಡುತ್ತೆ.

ಈ ಪುಟ ಓದಿದಾಗ ಬೆಣ್ಣೆ ಪಕ್ಕದಲ್ಲೇ ಬೋಳು ಕಿವಿ ಇಟ್ಕೊಂಡು ಮಲಗಿದ್ಲು. ಏನು ಹೇಳಲಿ.

4/8

ಈಗ ಅಜ್ಜಿಯ ಪ್ರಶ್ನೆಗೆ ನೇರವಾಗಿ ಬರೋಣ. ಮನುಷ್ಯರು ಯಾವಾಗ ಕೈ ಹಾಕಿದ್ರು?

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಅಲ್ಲಿವರೆಗೂ ಒಂದೇ ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ದೊಡ್ಡದಾಗಿ ಬೆಳೆದದ್ದು ಸ್ಪ್ರಿಂಗರ್, ಸಣ್ಣದಾಗೇ ಉಳಿದದ್ದು ಕಾಕರ್. ಅಣ್ಣ ಒಂದು ಜಾತಿ, ತಮ್ಮ ಇನ್ನೊಂದು ಜಾತಿ! ಪ್ರದರ್ಶನಗಳು ಶುರುವಾದಾಗ 25 ಪೌಂಡ್, ಅಂದ್ರೆ ಸುಮಾರು 11 ಕಿಲೋ ಗಡಿ ಇತ್ತು. ಅದರೊಳಗಿದ್ರೆ ಕಾಕರ್, ಒಂದು ಪೌಂಡ್ ಜಾಸ್ತಿಯಾದ್ರೆ ಬೇರೆ ಗುಂಪು. ಟ್ಯಾಕ್ಸ್ ಸ್ಲ್ಯಾಬ್ ಇದ್ದ ಹಾಗೆ. ಊಟ ಜಾಸ್ತಿ ಮಾಡಿದ್ರೆ ಸ್ಲ್ಯಾಬ್ ಚೇಂಜ್. 1890ರ ದಶಕದಲ್ಲಿ ಕಾಕರ್‌ಗೆ ಬೇರೆ ತಳಿಯ ಸ್ಥಾನ ಕೊಟ್ರು.

1879ರಲ್ಲಿ ಜೇಮ್ಸ್ ಫ್ಯಾರೋ ಅನ್ನೋರ ಹತ್ತಿರ ಓಬೋ ಅನ್ನೋ ನಾಯಿ ಹುಟ್ಟಿತು. ಇಂದಿನ ಇಂಗ್ಲಿಷ್ ಕಾಕರ್‌ಗಳ ಮೂಲಪುರುಷ ಅಂತ ಅದನ್ನೇ ಹೇಳ್ತಾರೆ. ಅದರಿಂದ ಗರ್ಭ ಧರಿಸಿದ ಒಂದು ಹೆಣ್ಣು ನಾಯಿಯನ್ನ ಹಡಗಿನಲ್ಲಿ ಅಮೆರಿಕಕ್ಕೆ ಕಳಿಸಿದ್ರು. 1882ರಲ್ಲಿ ಅಲ್ಲಿ ಹುಟ್ಟಿದ ಮರಿ ಎರಡನೇ ಓಬೋ, ಅಮೆರಿಕದ ಕಾಕರ್‌ಗಳ ಮೂಲಪುರುಷ. ಅಪ್ಪ ಅಲ್ಲಿ, ಮಗ ಇಲ್ಲಿ. ಎರಡು ವಂಶ ಅಲ್ಲಿಂದ ಬೇರೆ ಬೇರೆ ದಾರಿ ಹಿಡಿದವು. ಕೂದಲಿನ ಕಥೆ ಜೋರಾಗೋದು ಮಗನ ದಾರಿಯಲ್ಲಿ.

5/8

ಸಮುದ್ರ ದಾಟಿದ ಕಾಕರ್ ಕ್ರಮೇಣ ಸಣ್ಣದಾಯ್ತು, ತಲೆ ದುಂಡಾಯ್ತು, ಮೂತಿ ಚಿಕ್ಕದಾಯ್ತು, ಕೂದಲು ಮಾತ್ರ ದೊಡ್ಡದಾಯ್ತು. ಬೇಟೆಗೆ ಹೋಗೋ ನಾಯಿಗೆ ಅತಿ ಉದ್ದ ಕೂದಲಿದ್ರೆ ಮುಳ್ಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಅಂಥ ಕೂದಲನ್ನ ಬೇಟೆಗಾರ ಬೆಳೆಸಲ್ಲ, ಅಂಥ ನಾಯಿಯ ಮರಿಯನ್ನೂ ಕೇಳಲ್ಲ. ಪ್ರದರ್ಶನದ ಅಂಗಳದಲ್ಲಿ ಮುಳ್ಳಿಲ್ಲ. ಅಲ್ಲಿ ಕಣ್ಣಿಗೆ ತುಂಬೋದು ಗೆಲ್ಲುತ್ತೆ, ಗೆದ್ದದ್ದರ ಮರಿಗಳಿಗೆ ಬೆಲೆ ಬರುತ್ತೆ. ಮುಂದಿನ ವರ್ಷ ಇನ್ನೊಂಚೂರು ಕೂದಲು, ಅದರ ಮುಂದಿನ ವರ್ಷ ಇನ್ನೊಂಚೂರು. ಚಕ್ರಬಡ್ಡಿ ಲೆಕ್ಕ.

1936ರಿಂದ 1952ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ನೋಂದಣಿಯಾದ ತಳಿ ಕಾಕರ್. 1940 ಮತ್ತು 1941ರಲ್ಲಿ ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದ ಪರಮೋಚ್ಚ ಬಹುಮಾನ ಸತತವಾಗಿ ಗೆದ್ದದ್ದು ಹರ್ಮನ್ ಮೆಲೆಂಥಿನ್ ಅವರ ಕಪ್ಪು ಕಾಕರ್, 'ಮೈ ಓನ್ ಬ್ರೂಸಿ'. ಅದರ ಫೋಟೋ ಹುಡುಕಿ ನೋಡಿ, ಇವತ್ತಿನ ಪ್ರದರ್ಶನದ ನಾಯಿಯ ಪಕ್ಕ ಇಟ್ರೆ ಅದರ ಕೂದಲು ಏನೇನೂ ಅಲ್ಲ. ಇಂಗ್ಲೆಂಡಿನ ಹಳೇ ರೂಪ ಕಲಸಿಹೋಗ್ತಿದೆ ಅಂತ ಜೆರಾಲ್ಡೀನ್ ರಾಕ್‌ಫೆಲರ್ ಡಾಜ್ ಅನ್ನೋ ಶ್ರೀಮಂತ ಮಹಿಳೆ ವಂಶಾವಳಿ ಕೆದಕಿಸಿ, ಶುದ್ಧ ಇಂಗ್ಲಿಷ್ ವಂಶದ ನಾಯಿಗಳನ್ನ ಬೇರೆ ಮಾಡಿಸಿದ್ರು. 1946ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಎರಡನ್ನೂ ಬೇರೆ ತಳಿ ಅಂತ ಒಪ್ಪಿಕೊಳ್ತು.

ಆಮೇಲೆ ರಾಜಕೀಯ, ಸಿನಿಮಾ. 1952ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ನಿಕ್ಸನ್ ಮೇಲೆ ಚುನಾವಣಾ ನಿಧಿಯ ಆರೋಪ ಬಂದಾಗ ಟಿವಿಯಲ್ಲಿ ಕೂತು ಲೆಕ್ಕ ಒಪ್ಪಿಸಿದ. ಜನ ಆ ಲೆಕ್ಕ ಮರೆತ್ರು. ಮಕ್ಕಳಿಗೆ ಯಾರೋ ಕಾಣಿಕೆ ಕೊಟ್ಟ ಚೆಕರ್ಸ್ ಅನ್ನೋ ಕಾಕರ್ ಮರಿಯನ್ನ ಮಾತ್ರ ವಾಪಸ್ ಕೊಡಲ್ಲ ಅಂದದ್ದು ನೆನಪಿಟ್ಕೊಂಡ್ರು. ಆಡಿಟಿಂಗ್ ಕ್ಲಾಸಲ್ಲಿ ಇದನ್ನ ಹೇಳಿಕೊಡಬೇಕು! 1955ರಲ್ಲಿ ಡಿಸ್ನಿಯ 'ಲೇಡಿ ಅಂಡ್ ದ ಟ್ರ್ಯಾಂಪ್' ಬಂತು. ಲೇಡಿಯ ಕಿವಿ ನೋಡಿ, ಒಂದು ಸಿಕ್ಕಿಲ್ಲ. ಕಾರ್ಟೂನ್ ಅಲ್ವಾ.

ಇದೇ ಹೊತ್ತಿಗೆ ಕೈಗೆ ಯಂತ್ರವೂ ಬಂದಿತ್ತು. ಲಿಯೋ ವಾಲ್ ಅನ್ನೋ ಅಮೆರಿಕನ್ನನಿಗೆ 1921ರಲ್ಲಿ ವಿದ್ಯುತ್ ಕ್ಲಿಪ್ಪರ್‌ಗೆ ಪೇಟೆಂಟ್ ಸಿಕ್ಕಿತು, ಮನುಷ್ಯರ ತಲೆಗೆ ಅಂತ. ಅಂಥ ಯಂತ್ರಗಳು ನಾಯಿಗಳ ಮೇಲೂ ಹರಿದಾಡಿದವು. ಕಾಕರ್ ಬೆನ್ನಿನ ಸತ್ತ ಕೂದಲನ್ನ ಬೆರಳಿಂದ ಕಿತ್ತು ತೆಗೆಯೋ ಹಳೇ ಪದ್ಧತಿ ಇದೆ. ಗಂಟೆಗಟ್ಟಲೆ ಕೆಲಸ. ಮಷೀನಿಗೆ ಹತ್ತು ನಿಮಿಷ ಸಾಕು. ಆದ್ರೆ ಪದೇ ಪದೇ ಮಷೀನ್ ಓಡಿಸಿದ್ರೆ ರೇಷ್ಮೆ ಥರ ಇದ್ದ ಬೆನ್ನು ಹತ್ತಿ ಥರ ಆಗುತ್ತೆ, ಸಿಕ್ಕು ಇನ್ನೂ ಜಾಸ್ತಿ.

ನಗು ಬರೋ ವಿಷಯ ಈಗ. ಅಮೆರಿಕನ್ ಕೆನಲ್ ಕ್ಲಬ್‌ನ ಕಾಕರ್ ನಿಯಮದಲ್ಲೇ ಸ್ಪಷ್ಟವಾಗಿ ಇದೆ: ಕೂದಲು ನಾಯಿಯ ಮೈಕಟ್ಟನ್ನ, ನಡಿಗೆಯನ್ನ ಮುಚ್ಚಬಾರದು, ಸುಲಭವಾಗಿ ನೋಡಿಕೊಳ್ಳೋ ಹಾಗಿರಬೇಕು, ಅತಿಯಾದ ಅಥವಾ ಹತ್ತಿಯಂಥ ಕೂದಲಿಗೆ ಅಂಕ ಕಡಿಯಬೇಕು, ಬೆನ್ನಿಗೆ ವಿದ್ಯುತ್ ಕ್ಲಿಪ್ಪರ್ ಒಳ್ಳೇದಲ್ಲ. ಕೊನೆಯ ಫೋಟೋದಲ್ಲಿರೋ ಪ್ರದರ್ಶನದ ನಾಯಿ ನೋಡಿ. ಕಾಲೇ ಕಾಣಲ್ಲ, ನೆಲ ಗುಡಿಸೋ ಲಂಗ. ನಿಯಮ ಪುಸ್ತಕದಲ್ಲಿ ಒಂದು, ಅಂಗಳದಲ್ಲಿ ಇನ್ನೊಂದು.

ಕೂದಲು ಬಿಟ್ಟು ಕೆಲಸ ಹಿಡಿದ ಕಾಕರ್‌ಗಳೂ ಇವೆ. ಬ್ರಿಟನ್ನಿನಲ್ಲಿ ಇವತ್ತಿಗೂ ಬೇಟೆಗೆ ಹೋಗೋ ಕಾಕರ್ ವಂಶಗಳಿಗೆ ಕಿವಿ, ಕಾಲಿಗೆ ತೆಳ್ಳಗಿನ ಕುಚ್ಚು ಅಷ್ಟೇ. ಅವನ್ನ ನೋಡಿದ್ರೆ ಎರಡನೇ ಕಂತಿನ ಹಳೇ ಚಿತ್ರವೇ ಎದ್ದು ಬಂದ ಹಾಗಿರುತ್ತೆ.

6/8

ಸೈನ್ಸ್ ಫ್ರೆಂಡ್ಸ್‌ಗೆ ಒಂದು ಚಿಕ್ಕ ಕಂತು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಪ್ರಕಾರ ನಾಯಿ ತಳಿಗಳ ಕೂದಲಿನ ಬಹುಪಾಲು ವೈವಿಧ್ಯ ಬರೀ ಮೂರು ಜೀನ್‌ಗಳ ಆಟ: ಉದ್ದಕ್ಕೆ ಒಂದು, ಗುಂಗುರಿಗೆ ಒಂದು, ಮೀಸೆ ಹುಬ್ಬಿಗೆ ಒಂದು. ಕಾಕರ್‌ಗೆ ಮೀಸೆ ಇಲ್ಲ, ಉದ್ದ ಇದೆ. ಉದ್ದ ಬರಬೇಕಂದ್ರೆ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬರಬೇಕು. ಅದಕ್ಕೇ ಕಾಕರ್‌ಗೂ ನಮ್ಮ ಬೀದಿಯ ಕಾಳನಿಗೂ ಮರಿಯಾದ್ರೆ ಹೆಚ್ಚಾಗಿ ಗಿಡ್ಡ ಕೂದಲೇ ಬರುತ್ತೆ. ನಮ್ಮ ಮುಧೋಳ ನಾಯಿಗೂ ಮೈಗಂಟಿದ ಗಿಡ್ಡ ಕೂದಲು, ಒರೆಸಿದ್ರೆ ಮುಗೀತು.

ಮರಿ ತಂದಾಗ ಬೆಣ್ಣೆಗೆ ಕಾಗದ ಪತ್ರ ಏನೂ ಇರಲಿಲ್ಲ. ಮೂತಿ ನೋಡಿದ್ರೆ ಇಂಗ್ಲಿಷ್, ಕೂದಲು ನೋಡಿದ್ರೆ ಅಮೆರಿಕನ್. ಜೊತೆಗೆ ಎರಡು ವರ್ಷದ ಹಿಂದೆ ಸಂತಾನಹರಣ ಆಪರೇಷನ್ ಮಾಡಿಸಿದ್ವಿ. ಅದಾದ ಮೇಲೆ ಸ್ಪ್ಯಾನಿಯಲ್‌ಗಳ ಕೂದಲು ದಟ್ಟವಾಗಿ, ಮೆತ್ತಗೆ, ಉಣ್ಣೆಯ ಹಾಗೆ ಬೆಳೆಯೋದು ತುಂಬಾ ಸಾಮಾನ್ಯ. ಆಪರೇಷನ್ ಮಾಡಿಸಿದ್ದಕ್ಕೆ ಬೇಜಾರಿಲ್ಲ, ಮತ್ತೆ ಕೇಳಿದ್ರೂ ಮಾಡಿಸ್ತೀನಿ. ಆದ್ರೆ ಮೊದಲು ವಾರಕ್ಕೆ ಎರಡು ಸಲ ಬಾಚಿದ್ರೆ ಸಾಕಾಗ್ತಿದ್ದದ್ದು ಆಮೇಲೆ ಸಾಕಾಗಲಿಲ್ಲ. ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?

7/8

ಈಗ ಬಾಚಣಿಗೆ. ಗ್ರೂಮಿಂಗ್ ಆರರಿಂದ ಎಂಟು ವಾರಕ್ಕೊಮ್ಮೆ ಮಾಡಿಸ್ತೀವಿ. ನಡುವಿನ ದಿನಗಳು ನಮ್ಮ ಕೈಯಲ್ಲಿ. ಗ್ರೂಮರ್ ಅಣ್ಣ, ಡಾಕ್ಟರ್, ಅಜ್ಜಿ ಮೂವರಿಂದ ಕಲಿತದ್ದು ಇದು.

ನಾನು ಮಾಡ್ತಿದ್ದ ದೊಡ್ಡ ತಪ್ಪು: ಮೇಲೆ ಮೇಲೆ ಬ್ರಷ್ ಆಡಿಸೋದು. ಮೇಲ್ಗಡೆ ಪಳಪಳ ಅನ್ನುತ್ತೆ, ಬುಡದಲ್ಲಿ ಸಿಕ್ಕು ಹಾಗೇ ಕೂತಿರುತ್ತೆ. ಈಗ ಒಂದು ಕೈಯಲ್ಲಿ ಕೂದಲು ಮೇಲಕ್ಕೆತ್ತಿ ಹಿಡಿದು, ಕೆಳಗಿನಿಂದ ಒಂದೊಂದೇ ಪದರ ಬಿಟ್ಟುಕೊಂಡು, ಚರ್ಮ ಕಾಣೋ ಹಾಗೆ ಬೈತಲೆ ತೆಗೆದು ಬಾಚ್ತೀನಿ. ಮೊದಲು ತಂತಿ ಹಲ್ಲಿನ ಬ್ರಷ್, ಆಮೇಲೆ ಸ್ಟೀಲ್ ಬಾಚಣಿಗೆ. ಬ್ರಷ್ ಸುಳ್ಳು ಹೇಳಬಹುದು, ಬಾಚಣಿಗೆ ಹೇಳಲ್ಲ. ಬುಡದಿಂದ ತುದಿಗೆ ತಡೆಯಿಲ್ಲದೆ ಇಳಿದ್ರೆ ಮಾತ್ರ ಆ ಜಾಗ ಮುಗಿದ ಲೆಕ್ಕ.

ಸಿಕ್ಕು ಹುಟ್ಟೋ ಜಾಗಗಳು ಗೊತ್ತಿರಲಿ: ಕಿವಿಯ ಹಿಂದೆ, ಕುತ್ತಿಗೆ ಪಟ್ಟಿ ಉಜ್ಜೋ ಕಡೆ, ಕಂಕುಳು, ತೊಡೆಸಂದು, ಬೆರಳ ಸಂದು. ಎಲ್ಲೆಲ್ಲಿ ಉಜ್ಜುತ್ತೋ ಅಲ್ಲಲ್ಲಿ. ಪೂರ್ತಿ ಬಾಚೋಕೆ ಟೈಮ್ ಇಲ್ಲದ ದಿನ ಬರೀ ಇಷ್ಟು ಜಾಗ ಬೆರಳಾಡಿಸಿದ್ರೂ ಸಾಕು. ಐದು ನಿಮಿಷ. ಪರೀಕ್ಷೆ ಸಮಯದಲ್ಲಿ ಐದು ನಿಮಿಷ ಇರಲಿಲ್ಲ ಅಂತ ನಾನು ಯಾರಿಗೆ ಹೇಳಲಿ, ಅಷ್ಟು ಹೊತ್ತು ರೀಲ್ಸ್ ನೋಡಿದ್ದೀನಿ.

ಸಿಕ್ಕು ಸಿಕ್ಕಿದ್ರೆ ಎಳೆಯಬೇಡಿ. ಅಜ್ಜಿ ನನ್ನ ಜಡೆ ಹಾಕುವಾಗ ಮಾಡ್ತಿದ್ದ ಹಾಗೇ, ಬುಡವನ್ನ ಎರಡು ಬೆರಳಲ್ಲಿ ಬಿಗಿ ಹಿಡಿದು ತುದಿಯಿಂದ ಚೂರು ಚೂರೇ ಬಿಡಿಸಬೇಕು. ಆಗ ಎಳೆತ ಚರ್ಮಕ್ಕೆ ಹೋಗಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿದ್ರೆ ಎಳೆಗಳು ಜಾರುತ್ತವೆ. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಒಂದು ಹನಿ ಹಚ್ಚಿ ನೋಡಿದೆ, ಸಿಕ್ಕು ಬಿಡ್ತು, ಆದ್ರೆ ಸಂಜೆ ಹೊತ್ತಿಗೆ ಮನೆಯ ಧೂಳೆಲ್ಲ ಬೆಣ್ಣೆಯ ಕಿವಿಯಲ್ಲಿತ್ತು. ಅಜ್ಜಿಗೆ ಹೇಳಿಲ್ಲ.

ಕತ್ತರಿ ಬೇಡವೇ ಬೇಡ. ಸಿಕ್ಕು ಬಿಗಿಯಾದಾಗ ಚರ್ಮವೂ ಅದರ ಜೊತೆ ಮೇಲೆದ್ದಿರುತ್ತೆ, ಕಣ್ಣಿಗೆ ಕಾಣಲ್ಲ. ಕೂದಲು ಅಂತ ಕತ್ತರಿಸಿದ್ದು ಚರ್ಮ ಆಗಿರುತ್ತೆ.

ಸ್ನಾನಕ್ಕೆ ಮುಂಚೆ ಬಾಚಬೇಕು. ಇದು ನನಗೆ ಗೊತ್ತೇ ಇರಲಿಲ್ಲ! ನೀರು ಬಿದ್ದ ಸಿಕ್ಕು ಒಣಗುವಾಗ ಇನ್ನೂ ಬಿಗಿಯಾಗುತ್ತೆ. ಸ್ನಾನ ಆದ ಮೇಲೆ ಟವೆಲ್ ಒತ್ತಿ ನೀರು ತೆಗೀಬೇಕು, ಗಸಗಸ ಉಜ್ಜಬಾರದು. ಬುಡ ಒದ್ದೆ ಉಳಿಯದ ಹಾಗೆ ಒಣಗಿಸಬೇಕು, ಕಿವಿಯ ಒಳಗಡೆ ವಿಶೇಷವಾಗಿ. ಜೋಲು ಕಿವಿಯೊಳಗೆ ಗಾಳಿಯಾಡಲ್ಲ, ಕಾಕರ್‌ಗಳಿಗೆ ಕಿವಿ ಸೋಂಕು ಬೇಗ ಬರುತ್ತೆ. ಬೆಣ್ಣೆ ಊಟದ ತಟ್ಟೆಯಲ್ಲಿ ಕಿವಿ ಅದ್ದಿ ಮೊಸರನ್ನ ತಿನ್ತಿದ್ಲು. ಈಗ ಬಾಯಿ ಕಿರಿದಾದ ಆಳದ ಬಟ್ಟಲು ತಂದಿದ್ದೀವಿ, ಕಿವಿ ಹೊರಗೇ ಉಳಿಯುತ್ತೆ.

ಮಳೆಗಾಲ ಮುಗಿದು ಹುಲ್ಲು ಒಣಗೋ ತಿಂಗಳುಗಳಲ್ಲಿ ವಾಕಿಂಗ್‌ನಿಂದ ಬಂದ ತಕ್ಷಣ ಪಾದ ನೋಡಿ. ಉತ್ತರಾಣಿ ಕಾಯಿ, ಹುಲ್ಲಿನ ಮುಳ್ಳು ಬೆರಳ ಸಂದಿಗೆ ಹೋಗಿ ಕೂರುತ್ತೆ. ಹುಲ್ಲಿನ ಮುಳ್ಳು ಚರ್ಮದೊಳಗೇ ಇಳಿದು ಕೀವು ಆಗೋದುಂಟು. ಉಣ್ಣಿಯನ್ನೂ ಆಗಲೇ ಹುಡುಕಬೇಕು, ಕಿವಿಯ ಅಂಚಿಂದ ಶುರು ಮಾಡಿ.

ಎಲ್ಲಕ್ಕಿಂತ ಮೊದಲು ಅವಳು ಒಪ್ಪಬೇಕಲ್ಲ. ಬಾಚಣಿಗೆ ಕಂಡ್ರೆ ಮಂಚದ ಕೆಳಗೆ ಓಡ್ತಿದ್ಲು. ಮೂರು ದಿನ ಬಾಚದೇ ಬರೀ ಬಾಚಣಿಗೆ ತೋರಿಸಿ ಕಡಲೆಬೀಜದಷ್ಟು ಪನೀರ್ ಕೊಟ್ಟೆ. ನಾಲ್ಕನೇ ದಿನ ಎರಡು ಸಲ ಬಾಚಿ ಬಿಟ್ಟೆ. ಈಗ ಬಾಚಣಿಗೆ ಡಬ್ಬದ ಸದ್ದಾದ್ರೆ ಅವಳೇ ಬಂದು ಚಾಪೆ ಮೇಲೆ ಕೂರ್ತಾಳೆ. ಪನೀರ್‌ಗೆ ಅಂತ ನನಗೂ ಗೊತ್ತು.

8/8

"ಕೂದಲು ಯಾವಾಗ ವಾಪಸ್ ಬರುತ್ತೆ, ಫ್ಲಫಿ ರೀಲ್ ಯಾವಾಗ?" ಅಂತ ತುಂಬಾ ಜನ ಕೇಳ್ತಿದ್ದೀರಿ. ಕಿವಿಯ ಊತ ಇಳಿದಿದೆ, ತುದಿ ಸ್ವಲ್ಪ ಮುದುಡಿಕೊಂಡಿದೆ, ಹಾಗೇ ಉಳಿಯುತ್ತೆ ಅಂದ್ರು ಡಾಕ್ಟರ್. ಕೂದಲು ಬೆರಳಿನ ಅರ್ಧದಷ್ಟು ಬಂದಿದೆ.

ಬೇಸಿಗೆ ಅಂತ ಬೆನ್ನು ಬುಡಮಟ್ಟ ಬೋಳಿಸೋಕೆ ನನಗೆ ಮನಸ್ಸಿಲ್ಲ. ನಾಯಿ ಮುಖ್ಯವಾಗಿ ಏದುಸಿರು ಬಿಟ್ಟು ತಂಪಾಗುತ್ತೆ, ಬೋಳು ಬೆನ್ನಿಗೆ ಬಿಸಿಲು ನೇರ ಬಡಿಯುತ್ತೆ, ಮತ್ತೆ ಬರೋ ಕೂದಲು ಮೊದಲಿನ ಹಾಗೆ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಆದ್ರೆ ಕಿವಿ, ಹೊಟ್ಟೆ, ಕಾಲಿನ ಕುಚ್ಚು ಇನ್ನು ಮೇಲೆ ಗಿಡ್ಡವೇ. ದಿನಾ ಒಂದು ಗಂಟೆ ಬಾಚೋಕೆ ನನ್ನಿಂದ ಆಗಲ್ಲ ಅಂತ ಈಗ ಗೊತ್ತಾಗಿದೆ, ಹದಿನೈದು ನಿಮಿಷ ಆಗುತ್ತೆ. ಹದಿನೈದು ನಿಮಿಷಕ್ಕೆ ಎಷ್ಟು ಕೂದಲು ಸಾಧ್ಯವೋ ಅಷ್ಟು ಕೂದಲು ಅವಳಿಗೆ. ಆ ಹಳೇ ರೀಲ್ ಡಿಲೀಟ್ ಮಾಡಿದ್ದೀನಿ. ಅದರಲ್ಲಿ ಅವಳು ಬಲಗಿವಿ ಕೆರೆದುಕೊಳ್ತಿದ್ದದ್ದು ನನಗೆ ಈಗ ಕಾಣುತ್ತೆ, ನೀವೆಲ್ಲ ಅದನ್ನ ಡ್ಯಾನ್ಸ್ ಅಂದ್ಕೊಂಡಿದ್ರಿ. ನಾನೂ.

ಅಜ್ಜಿಗೆ ಓಬೋ, ಬ್ರೂಸಿ, ಪ್ರದರ್ಶನ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಮನುಷ್ಯರೇ ಕೊಟ್ಟಿದ್ದು" ಅಂದು, ಬಾಚಣಿಗೆ ನನ್ನ ಕೈಗೆ ಕೊಟ್ರು. ಕೊನೆಯ ಫೋಟೋ ಅದೇ. ಬೆಣ್ಣೆ ಚಾಪೆ ಮೇಲೆ, ಪನೀರ್ ಡಬ್ಬದ ಮೇಲೆ ಕಣ್ಣು.

#ಬೆಣ್ಣೆಡೈರಿ #ಕಾಕರ್‌ಕಥೆ